ಅತ್ತೆಯ ಜಾಬ್ ಕಾರ್ಡು

ನಮ್ಮ ಸೋದರತ್ತೆಯ ಹತ್ತಿರ ಪಾಠಕ್ಕೆ ಬಂದ ಮಕ್ಕಳು ಜಾಣರಾದರೋ ಇಲ್ಲವೋ, ನಾನು ಪ್ರಮಾಣ ಮಾಡಲಾರೆ. ಅವರ ಅಪ್ಪ ಅಮ್ಮಂದಿರು ಮಾತ್ರ ದಡ್ಡರಾಗಿ ಹೊರಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ದಡ್ಡರಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವನೂ ಒಬ್ಬನಿದ್ದ. ಅವನ ವಿಷಯ ಆಮೇಲೆ.

ಅತ್ತೆ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತಿದ್ದವರು. ತೊಂಬತ್ತರ ದಶಕದ ಕೊನೆಗೆ ಸ್ವಯಂನಿವೃತ್ತಿ ತೆಗೆದುಕೊಂಡು, ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ಕಲಿಸುವ ತರಬೇತಿ ಪಡೆದು, ಹೊಸ ತಿಪ್ಪಸಂದ್ರದ ಬಾಡಿಗೆ ಮಹಡಿಯಲ್ಲಿ ಪಾಠ ಶುರುಮಾಡಿದರು. ಒಂದು ಹೊತ್ತಿಗೆ ಒಂದೇ ಮಗು. ಅತ್ತೆ ಕಾರ್ಖಾನೆಯನ್ನು ಬಿಟ್ಟರೂ ಕಾರ್ಖಾನೆ ಅವರನ್ನು ಬಿಡಬೇಕಲ್ಲ? ಅಲ್ಲಿ ಪ್ರತಿ ಬಿಡಿಭಾಗದ ಜೊತೆಗೂ ಒಂದು ರಟ್ಟಿನ ಜಾಬ್ ಕಾರ್ಡು ಓಡಾಡುತ್ತದಂತೆ: ಏನಾಗಿದೆ, ಏನಾಗಬೇಕು, ಯಾವ ಉಪಕರಣ. ಅತ್ತೆ ಪ್ರತಿ ಮಗುವಿಗೂ ಅಂಥದ್ದೊಂದು ಬರೆದು ಗೋಡೆಗೆ ನೇತುಹಾಕಿದರು. 'ಮಗು ಕಲಿಯಲಿಲ್ಲ' ಎಂಬ ಕಾಲಂ ಅದರಲ್ಲಿ ಇರಲೇ ಇಲ್ಲ. 'ಉಪಕರಣ ಬದಲಿಸಿ' ಅಂತ ಮಾತ್ರ ಇತ್ತು!

ಕೂತಲ್ಲಿ ಕೂರಲಾರದ ಒಬ್ಬ ಹುಡುಗನಿಗೆ ನಿಗದಿಯಾದ ಉಪಕರಣ ಮನೆಯ ಮೆಟ್ಟಿಲು. ಮೆಟ್ಟಿಲಿಗೊಂದು ಸಾಲಿನಂತೆ ಮಗ್ಗಿ ಹೇಳುತ್ತ ಹತ್ತಬೇಕು, ಇಳಿಯಬೇಕು. ಮೂರನೇ ವಾರಕ್ಕೆ (ನನ್ನ ನೆನಪನ್ನು ನಂಬುವುದಾದರೆ) ಕೆಳಗಿನಿಂದ ಮನೆ ಮಾಲೀಕರು ಬಂದರು.

"ಏನ್ರೀ ಮೇಡಂ, ದಿನಾ ಸಂಜೆ ಏಳರ ಮಗ್ಗಿ ನನ್ ತಲೆ ಮೇಲೇ ಕುಣೀತಾ ಇದೆ. ಏಳಾರ್ಲ ನಲವತ್ತೆರಡು, ಏಳೇಳ್ಲ ನಲವತ್ತೊಂಬತ್ತು..."

"ನಿಮಗೂ ಬಂತಲ್ಲ ಸಾರ್," ಎಂದರು ಅತ್ತೆ. "ನಾಳೆಯಿಂದ ಎಂಟರದ್ದು."

ಇನ್ನೊಬ್ಬ ಹುಡುಗನ ಅಪ್ಪ ವಿಮಾ ಕಚೇರಿಯ ಅಧಿಕಾರಿ. ಮಗನಿಗೆ ಬರೆಯೋಕೆ ಸೋಮಾರಿತನ ಎಂದು ದೂರು. ಅತ್ತೆ ಅವರನ್ನೇ ಕೂರಿಸಿ, ಎಡಗೈಗೆ ಪೆನ್ನು ಕೊಟ್ಟು, ಎದುರಿಗೆ ಕನ್ನಡಿ ಇಟ್ಟು, ಕನ್ನಡಿಯನ್ನು ಮಾತ್ರ ನೋಡುತ್ತ ಹೆಸರು ಬರೆಯಿರಿ ಎಂದರು.

"ಬೇಗ ಬರೀರಿ ಸಾರ್. ಪಕ್ಕದ ಮನೆಯವರು ಆಗ್ಲೇ ಮುಗಿಸಿದ್ರು."

"ಆಗ್ತಿಲ್ಲ ಮೇಡಂ."

"ಆಗತ್ತೆ. ನಿಮಗೆ ಮನಸ್ಸಿಲ್ಲ, ಅಷ್ಟೇ. ಸೋಮಾರಿತನ."

ಅಧಿಕಾರಿ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಮಗನ ಸೋಮಾರಿತನದ ಸುದ್ದಿಯನ್ನು ಅವರು ಮತ್ತೆ ಎತ್ತಿದ್ದು ಯಾರಿಗೂ ಗೊತ್ತಿಲ್ಲ.

ಮನಶ್ಶಾಸ್ತ್ರದ ಆ ಎಂ.ಎ. ನಾನೇ. ಸುಮ್ಮನಿರಲು ಆಗುತ್ತದೆಯೇ?

"ಇದಕ್ಕೆಲ್ಲ ಪುರಾವೆ ಏನಿದೆ ಅತ್ತೆ?"

"ನಿಂಗೆ ಕಾಫಿ ಬಿಸಿ ಇದೆ ಅನ್ನೋಕೂ ಪುರಾವೆ ಬೇಕು ಕಣೋ. ಕುಡಿ, ಆರೋಗತ್ತೆ."

ಹೀಗಿರುವಾಗ ನನ್ನ ಮಗಳ ಶಾಲೆಯಿಂದ ಚೀಟಿ ಬಂತು. ಮೂರನೇ ಕ್ಲಾಸು ಮುಗಿಯುತ್ತ ಬಂದರೂ ಓದಲು ಬರುವುದಿಲ್ಲ. ಬೇಸಿಗೆ ರಜೆ ಕಳೆದ ಮೇಲೆ ಮುಖ್ಯೋಪಾಧ್ಯಾಯಿನಿಯ ಮುಂದೆ ಒಂದು ಪುಟ ಓದಬೇಕು, ಇಲ್ಲವಾದರೆ ಟಿ.ಸಿ. ಮಗಳಿಗೆ ಆ ಶಾಲೆಯಲ್ಲಿ ಇದ್ದದ್ದು ಒಬ್ಬಳೇ ಗೆಳತಿ. "ನಾನು ಅಲ್ಲೇ ಇರ್ತೀನಿ ತಾನೇ ಅಪ್ಪಾ?" ಎಂದು ದಿನಾ ಕೇಳುತ್ತಿದ್ದಳು. ಪುರಾವೆಯನ್ನೆಲ್ಲ ಮನೆಯಲ್ಲೇ ಬಿಟ್ಟು ಅತ್ತೆಯ ಮೆಟ್ಟಿಲು ಹತ್ತಿದೆ.

ಮಗಳ ಹೆಸರಿನ ಖಾಲಿ ಕಾರ್ಡೊಂದು ನನ್ನ ಕೈಗೂ ಬಂತು. 'ಏನು ಬರುವುದಿಲ್ಲ' ಎಂಬ ಜಾಗವನ್ನು ಭರ್ತಿ ಮಾಡಿ, ಜಾಗ ಸಾಲದೆ ಇನ್ನೊಂದು ಹಾಳೆ ಪಿನ್ನು ಮಾಡಿದೆ. 'ಏನು ಬರುತ್ತದೆ' ಎಂಬ ಜಾಗ ಖಾಲಿ ಉಳಿಯಿತು.

"ಅರ್ಧ ಕಾರ್ಡಿನ ಕೆಲಸ ನಾನು ಮುಟ್ಟಲ್ಲ. ಹೋಗಿ ಮಗೂನ ನೋಡ್ಕೊಂಡು ಬಾ."

"ಎಂಟು ವರ್ಷದಿಂದ ನೋಡ್ತಾನೇ ಇದೀನಲ್ಲ ಅತ್ತೆ."

"ನೋಡಿಲ್ಲ ಕಣೋ. ತಿದ್ದಿದೀಯ."

ಒಂದು ವಾರ ಪತ್ತೇದಾರನ ಹಾಗೆ ಮಗಳ ಹಿಂದೆ ಸುತ್ತಿದೆ. ಜೋಗುಪಾಳ್ಯದ ಗಲ್ಲಿಗಳಲ್ಲಿ ನಾನೇ ದಾರಿ ತಪ್ಪಿದಾಗ ಅವಳು ಕೈಹಿಡಿದು ಹೊರಗೆ ತಂದಳು: ಬಳೆ ಅಂಗಡಿ, ಮೇಕೆ ಕಟ್ಟಿದ ಬಾಗಿಲು, ಹಸಿರು ಗೇಟು, ಎಡಕ್ಕೆ. ಅದನ್ನು ಕಾರ್ಡಿನ ಖಾಲಿ ಜಾಗದಲ್ಲಿ ಬರೆದುಕೊಂಡು ಹೋದೆ. ಅತ್ತೆಗೆ ಅಷ್ಟು ಸಾಕಾಯಿತು. ಮಗಳು ದಾರಿ ಹೇಳುವಳು, ಅತ್ತೆ ಅವಳ ಮಾತನ್ನೇ ದಪ್ಪ ಅಕ್ಷರದಲ್ಲಿ ಬರೆಯುವರು, ಮಗಳು ತನ್ನದೇ ಮಾತಿನ ಮೇಲೆ ಬೆರಳಿಟ್ಟು ಓದುವಳು. ರಜೆಯ ಬಹುಭಾಗ ಹೀಗೇ ಕಳೆಯಿತು. ಪುಸ್ತಕ ಹೊರಬಂದದ್ದು ಕೊನೆಯ ಹದಿನೈದು ದಿನ.

ಪುಟ ಓದಬೇಕಾದ ದಿನ ಶಾಲೆಗೆ ಅತ್ತೆಯೂ ಬಂದರು. ಮುಖ್ಯೋಪಾಧ್ಯಾಯಿನಿ ಗಡಿಯಾರ ನೋಡಿ ಪುಸ್ತಕ ಮುಂದೆ ತಳ್ಳಿದರು. ಮೂರನೇ ಸಾಲಿನಲ್ಲಿ ಮಗಳು ನಿಂತುಬಿಟ್ಟಳು. ಕಾಲು ಗಂಟೆ ನಿಂತಳು ಎಂದು ನಾನು, ಅರ್ಧ ನಿಮಿಷ ಎಂದು ನನ್ನ ಹೆಂಡತಿ. ಹೆಂಡತಿ ಆ ದಿನ ಅಲ್ಲಿದ್ದಳೇ ಎಂಬುದೂ ನನಗೆ ಅನುಮಾನ. ಪದ ನನ್ನ ನಾಲಿಗೆಗೆ ಬಂದಿತ್ತು, ಬಾಯಿ ತೆರೆದೆ. ಮೇಜಿನ ಕೆಳಗೆ ಅತ್ತೆ ನನ್ನ ಕೈಯನ್ನು ಒತ್ತಿ ಹಿಡಿದರು. ಮಗಳು ಬೆರಳನ್ನು ಸಾಲಿನ ಮೊದಲಿಗೆ ತಂದಳು, ಮತ್ತೆ ಹೊರಟಳು, ಆ ಪದ ದಾಟಿದಳು. ಪುಟದ ಕೊನೆ ಮುಟ್ಟಿದಳು.

"ಈ ವರ್ಷ ಇಲ್ಲೇ ಇರ್ಲಿ, ನೋಡೋಣ," ಎಂದರು ಮುಖ್ಯೋಪಾಧ್ಯಾಯಿನಿ.

ಉಳಿದದ್ದೆಲ್ಲ ನಾನು ಆಮೇಲೆ ಕಟ್ಟಿಕೊಂಡ ನೆನಪಿರಬಹುದು. ಒಂದು ಮಾತ್ರ ಅಲ್ಲ. ಯಾರಿಗೂ ಹೆದರದ ಆ ಹೆಂಗಸಿನ ಅಂಗೈ ಒದ್ದೆಯಾಗಿತ್ತು. ಮಗಳು ಪುಸ್ತಕ ಮುಚ್ಚಿದ ಮೇಲೂ ಅವರು ಕೈ ತೆಗೆಯಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.