ಕಾರ್ಡಿಗೆ ಸೇರದ ಹಲ್ಲು

ನಮ್ಮ ಕಾಕಾ ಜಗಳ ತೆಗೆಯದ ಕೌಂಟರು ಹುಬ್ಬಳ್ಳಿ-ಧಾರವಾಡದಲ್ಲಿ ಒಂದಾದರೂ ಉಳಿದಿದೆಯೇ? ನಾನಂತೂ ಕಂಡಿಲ್ಲ! ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೇಥ್ ಮಷೀನು ನಡೆಸಿ ಕಿವಿ ಮಂದವಾಗಿದೆ. ಹಾಗಾಗಿ ಅವರ ಸಾದಾ ಮಾತೂ ಓಣಿಗೆಲ್ಲ ಕೇಳುತ್ತದೆ.

ಹೋದ ವರ್ಷ ಅವರ ಹೆಂಡತಿ, ನಮ್ಮ ಕಾಕುಗೆ ವಸಡು ಬಾತು, ಹಲ್ಲುಗಳೆಲ್ಲ ಅಲುಗಾಡತೊಡಗಿದವು. ನೀರು ಕುಡಿಯಲೂ ಹೆದರುತ್ತಿದ್ದಳು. ಕಾಕಾ ಸರಕಾರದ ಆರೋಗ್ಯ ಕಾರ್ಡು ಕಿಸೆಯಲ್ಲಿಟ್ಟುಕೊಂಡು ಆಕೆಯನ್ನೂ ನನ್ನನ್ನೂ ವಿದ್ಯಾನಗರದ ಒಂದು ಆಸ್ಪತ್ರೆಗೆ ಹೊರಡಿಸಿದರು.

ಕೌಂಟರಿನ ಹುಡುಗಿ ಕಂಪ್ಯೂಟರು ನೋಡಿ ಹೇಳಿದಳು, “ಹಾರ್ಟ್, ಕಿಡ್ನಿ ಎಲ್ಲಾ ಬರ್ತಾವ್ರಿ ಅಜ್ಜಾರ. ಹಲ್ಲು ತಗಿಯೂದು, ಕಟ್ಟೂದು ಈ ಕಾರ್ಡಿನ್ಯಾಗ ಬರೂದಿಲ್ರಿ.”

“ಯಾಕವಾ, ಹಲ್ಲು ಮೈಯಾಗ ಇಲ್ಲೇನು? ಬಾಡಿಗಿಗೆ ಬಂದಾವೇನು?”

“ಆಕ್ಸಿಡೆಂಟಾಗಿ ದವಡಿ ಮುರದ್ರ ಬರ್ತದ್ರಿ.”

ಕಾಕಾ ಹೆಂಡತಿಯ ಕಡೆ ತಿರುಗಿದರು. “ಕೇಳ್ದೇನ? ಮೆಟ್ಟಲದಿಂದ ಬೀಳ್ತೀಯೇನು?”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾಕು ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಕಾಕಾ ನೋಡಿದರು. ಮುಂದೆ ಒಂದೂ ವಾದ ಮಾಡದೆ, “ನಡಿ” ಎಂದರು, ಅಷ್ಟೇ.

ಬಾಗಿಲ ತನಕ ಅದೇ ಹುಡುಗಿ ಓಡಿಬಂದಳು. ದಂತ ಕಾಲೇಜೊಂದರ ವಿಳಾಸ ಚೀಟಿಯಲ್ಲಿ ಬರೆದುಕೊಟ್ಟು, “ಅಲ್ಲೆ ಕಲಿಯೋ ಹುಡುಗರು ಪುಕ್ಕಟೆ ಮಾಡ್ತಾರ್ರಿ. ತಡಾ ಆಗ್ತದ, ಆದ್ರ ಛಲೋ ಮಾಡ್ತಾರ” ಎಂದಳು.

ತಡವೇ ಆಯಿತು. ಹಲ್ಲು ಕಿತ್ತು, ವಸಡು ಮಾಯ್ದು, ಕಟ್ಟುಹಲ್ಲಿನ ಸೆಟ್ಟು ತಯಾರಾಗಲು ಐದು ತಿಂಗಳು. ಕಾಕಾ ಅಲ್ಲಾದರೂ ಸುಮ್ಮನಿದ್ದರೇ? ಅಳತೆ ತೆಗೆಯುವ ವಿದ್ಯಾರ್ಥಿನಿಗೆ, “ತಂಗಿ, ನಮ್ಮ ಲೇಥಿನ್ಯಾಗ ಕೂದಲೆಳಿಯಷ್ಟು ಫರಕ್ ಬಂದ್ರೂ ಮಾಲು ವಾಪಸ್!” ಎಂದು ಹೇಳಿಬಂದರು.

ಆ ದಿನಗಳಲ್ಲಿ ಒಮ್ಮೆ ಊಟದ ಹೊತ್ತಿಗೆ ಅವರ ಮನೆಗೆ ಹೋದೆ. ಇಬ್ಬರ ತಾಟಿನಲ್ಲೂ ನುಚ್ಚು, ಮಜ್ಜಿಗೆ. ಕಾಕಾನ ಹಲ್ಲು ಒಂದೂ ಅಲುಗಿಲ್ಲ. ಖಡಕ್ ರೊಟ್ಟಿಯಿಲ್ಲದೆ ಅದು ಊಟವೇ ಅಲ್ಲ ಎನ್ನುವ ಮನುಷ್ಯ! ಕಾಕು ನೀರು ತರಲು ಒಳಗೆ ಹೋದಾಗ ಕೇಳಿದೆ, “ಯಾಕ್ರಿ ಕಾಕಾ, ನಿಮಗೂ ನುಚ್ಚ?”

“ರೊಟ್ಟಿ ಸಪ್ಪಳಾಗ್ತದೋ ತಮ್ಮಾ. ಆಕಿ ಮುಂದ ಹೆಂಗ ಕಡೀಲಿ?” ಎಂದರು, ಅಪರೂಪಕ್ಕೆ ದನಿ ತಗ್ಗಿಸಿ.

ಸೆಟ್ಟು ಬಂದ ಮರುದಿನ ಕಾಕು ತಾನೇ ರೊಟ್ಟಿ ಬಡಿದಳು. ಕಾಕಾ ಮುಟ್ಟಲಿಲ್ಲ. ಆಕೆ ಮೊದಲ ತುತ್ತನ್ನು ಮೆಲ್ಲಗೆ ಅಗಿದು ನುಂಗುವ ತನಕ ತಾಟಿನ ಮುಂದೆ ಕೈಕಟ್ಟಿ ಕೂತಿದ್ದರು.