ಬೆಳಕು ಕಂಡರೆ ಕಿರುಚುವ ಡಬ್ಬಿ

ಮಗುವನ್ನು ಮಲಗಿಸಲು ಮನುಕುಲ ಇಷ್ಟು ಕಾಲ ಒದ್ದಾಡಿದ್ದು, ನಾನಿನ್ನೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ ಎಂಬ ಒಂದೇ ಕಾರಣಕ್ಕೆ! ಹೀಗೆಂದು ನಾನು ತೀರ್ಮಾನಿಸಿದ್ದು ಶನಿವಾರ. ಸೋಮವಾರ ನನ್ನ ರಜೆ ಮುಗಿದು ಆಫೀಸು ಶುರು. ಹಗಲಲ್ಲಿ ನಾನು ಪಕ್ಕದಲ್ಲಿಲ್ಲದಿದ್ದರೆ ಮಗಳು ಕಣ್ಣು ಮುಚ್ಚುವುದಿಲ್ಲ ಎಂಬುದು ನನ್ನ ಅಚಲ ನಂಬಿಕೆ. ತಾವು ನೋಡಿಕೊಳ್ಳುವುದಾಗಿ ಅತ್ತೆ ಹೇಳಿದ್ದರು. ನೋಡಿಕೊಳ್ಳುವುದು ಬೇರೆ, ಮಲಗಿಸುವುದು ಬೇರೆ ಎಂದು ವಿವರಿಸಿದೆ. ನನ್ನ ಗಂಡನೂ ಸೇರಿ ಮೂರು ಮಕ್ಕಳನ್ನು ಸಾಕಿದ ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

ಕಾಲೇಜಿನಲ್ಲಿ ಕಲಿತ ಎಲೆಕ್ಟ್ರಾನಿಕ್ಸ್ ವಿದ್ಯೆ ಎದ್ದು ನಿಂತಿತು. ಒಂದು ಚಿಪ್, ಪುಟ್ಟ ಸ್ಪೀಕರ್, ಬ್ಯಾಟರಿ, ಕಡಲೆಕಾಳಿನ ಗಾತ್ರದ ಲೈಟ್ ಸೆನ್ಸರ್. ಬೆಳಕು ಹೆಚ್ಚಿದರೆ ಸ್ವರ ಏರುತ್ತದೆ, ತಗ್ಗಿದರೆ ಇಳಿಯುತ್ತದೆ. ಯಾರಾದರೂ ಪರದೆ ಎಳೆಯಬೇಕು, ಸ್ವರ ಮೆಲ್ಲಗೆ ಇಳಿಯಬೇಕು, ಅದರ ಬೆನ್ನು ಹಿಡಿದು ಮಗಳು ನಿದ್ದೆಗೆ ಇಳಿಯಬೇಕು. ಇಷ್ಟೇ.

ಬೆಸುಗೆ ಮುಗಿದ ಮೇಲೆ ಭಯ ಶುರುವಾಯಿತು. ಮಗು ಸ್ವಿಚ್ ಕಿತ್ತು ನುಂಗಿದರೆ? ಸ್ವಿಚ್ಚನ್ನೇ ತೆಗೆದೆ. ಬ್ಯಾಟರಿ ನುಂಗಿದರೆ? ಎಲ್ಲವನ್ನೂ ಪಾರದರ್ಶಕ ಡಬ್ಬಿಯಲ್ಲಿಟ್ಟು ಮುಚ್ಚಳದ ಸುತ್ತ ಅಂಟು ಸುರಿದೆ. ಡಬ್ಬಿಯೇ ಮೈಮೇಲೆ ಬಿದ್ದರೆ? ಮಗುವಿನ ಮಂಚದ ಕಂಬಿಗೆ ಹೊರಗಡೆಯಿಂದ ಹಗ್ಗದಲ್ಲಿ ಬಿಗಿದು, ಗಂಟಿಗೂ ಅಂಟು ಹಾಕಿದೆ.

"ಇದನ್ನ ಆಫ್ ಮಾಡೋದು ಹೇಗೆ?" ಅಂದರು ಗಂಡ.

"ಆಫ್ ಯಾಕ್ರೀ ಮಾಡ್ಬೇಕು? ಕತ್ತಲಾದ್ರೆ ತಾನೇ ಸುಮ್ಮನಾಗುತ್ತೆ."

ಭಾನುವಾರ ಮಧ್ಯಾಹ್ನ ಪ್ರಯೋಗ. ಪರದೆ ಎಳೆಯುತ್ತಾ ಹೋದೆ. 'ಕೀ' ಎನ್ನುತ್ತಿದ್ದದ್ದು 'ಕೂ' ಆಯಿತು, 'ಗುರ್' ಆಯಿತು, ಕೊನೆಗೆ ಬರೀ 'ಟಿಕ್'. ಮಗಳು ಮಲಗಿದಳು! ವಿಜಯೋತ್ಸಾಹದಲ್ಲಿ ತುದಿಗಾಲಲ್ಲಿ ಬಂದು ಬಾಗಿಲನ್ನು ಬೆರಳಷ್ಟು ತೆರೆದೆ. ಹಜಾರದ ಬೆಳಕು ನೇರ ಡಬ್ಬಿಗೆ ಬಡಿಯಿತು. 'ಕೀ...!' ಪಟ್ಟನೆ ಮುಚ್ಚಿದೆ. ಒಳಗೇ ನಿಂತು ಮಂಚದತ್ತ ಕಿವಿಗೊಟ್ಟೆ. ಸದ್ಯ, ಎದ್ದಿರಲಿಲ್ಲ.

ನಾನಿಲ್ಲದೆ ಮಗು ಮಲಗಲಿ ಎಂದು ಕಟ್ಟಿದ ಯಂತ್ರ ನನ್ನನ್ನೇ ಮಗುವಿನ ಜೊತೆ ಕೂಡಿಹಾಕಿತ್ತು.

ಸ್ವಲ್ಪ ಹೊತ್ತಿಗೆ ಬಾಗಿಲಾಚೆಯಿಂದ ಗಂಡನ ಪಿಸುದನಿ. "ಊಟಕ್ಕೆ ಬಾರೇ."

"ಬಾಗಿಲು ತೆಗೆದ್ರೆ ಕಿರುಚುತ್ತೆ ರೀ."

"ಅದರ ಮೇಲೊಂದು ಟವಲ್ ಹಾಕು."

"ಜಾರಿ ಮಗು ಮುಖದ ಮೇಲೆ ಬಿದ್ರೆ?"

ಆಚೆ ಹೆಜ್ಜೆ ಸದ್ದು ಅಡುಗೆಮನೆಗೆ ಹೋಗಿ ಬಂತು. ಆಮೇಲೆ, "ಹಾಗಾದ್ರೆ ನಿನ್ನ ಪಾಲೂ ನಾನೇ ತಿನ್ಲಾ?"

ತಟ್ಟೆಗಳ ಸದ್ದು ಕೇಳುತ್ತಾ, ನಾಳೆ ಬೆಳಿಗ್ಗೆ ಆಫೀಸಿಗೆ ಫೋನ್ ಮಾಡಿ ರಜೆಯನ್ನು ಇನ್ನೊಂದು ತಿಂಗಳು ಎಳೆಯುವುದು ಹೇಗೆಂದು ಲೆಕ್ಕ ಹಾಕುತ್ತಾ, ಹಸಿದ ಹೊಟ್ಟೆಯಲ್ಲೇ ನೆಲಕ್ಕೊರಗಿ ನಿದ್ದೆಹೋದೆ.

ಒಣಗಿದ ಬಟ್ಟೆಗಳನ್ನು ಕಪಾಟಿನಲ್ಲಿಡಲು ಅತ್ತೆ ಬಂದರು. ಬಾಗಿಲನ್ನು ಪೂರ್ತಿ ತಳ್ಳಿದ್ದಲ್ಲದೆ, ಏನು ಕತ್ತಲಪ್ಪಾ ಎನ್ನುತ್ತಾ ಪರದೆಯನ್ನೂ ಸರಕ್ಕನೆ ಸರಿಸಿಬಿಟ್ಟರು. ಡಬ್ಬಿ ತನ್ನ ಜೀವಮಾನದ ಅತ್ಯುನ್ನತ ಸ್ವರ ಹೊರಡಿಸಿತು. ನಾನು ದಡಬಡಿಸಿ ಎದ್ದು, ಕಂಬಿಗೆ ತಲೆ ಚಚ್ಚಿಕೊಂಡು, "ಅಯ್ಯೋ, ಮಗು!" ಎಂದು ಡಬ್ಬಿಯನ್ನೂ ಮೀರಿಸಿ ಅರಚಿದೆ.

ಮಗಳು ಮಗ್ಗುಲು ಬದಲಿಸಿ, ಹೆಬ್ಬೆರಳು ಬಾಯಿಗಿಟ್ಟುಕೊಂಡು ಗಾಢವಾಗಿ ನಿದ್ದೆ ಮುಂದುವರಿಸಿದಳು.

ಅತ್ತೆ ಅವಳನ್ನೊಮ್ಮೆ, ತಲೆ ಸವರಿಕೊಳ್ಳುತ್ತಾ ಕಣ್ಣೀರು ತುಂಬಿಕೊಂಡಿದ್ದ ನನ್ನನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ಟವಲನ್ನು ನಾಲ್ಕಾಗಿ ಮಡಿಸಿ, ಡಬ್ಬಿಯ ಮೇಲೆ ಒತ್ತಿ ಹಿಡಿದರು. ಮನೆ ತಣ್ಣಗಾಯಿತು.

"ಮಗು ನಾಳೆಗೆ ತಯಾರಾಗಿದೆ ಕಣಮ್ಮಾ," ಅಂದರು. "ನೀನೇ ಇನ್ನೂ ಆಗಿಲ್ಲ."