ಉಪ್ಪಿನ ಇನ್ನಾಸಪ್ಪನ ಅತಿಥಿ

ಎಲ್ಲಕ್ಕೂ ಮೂಲ ಭಾನುವಾರದ ಪೂಜೆಯಲ್ಲಿ ಫಾದರ್ ಆಡಿದ ಮಾತು. "ಆರೋಗ್ಯಮಾತೆಯ ಹಬ್ಬದ ದಿನ ಮೊದಲ ಎಲೆಯನ್ನು ಯಾರೂ ಕರೆಯದವನಿಗೆ ಹಾಕಿ, ಆಮೇಲೆ ನೀವು ಉಣ್ಣಿ." ವಿನೋಬನಗರದ ಪಂಕ್ಚರ್ ಅಂಗಡಿ ಇನ್ನಾಸಪ್ಪ ಅದನ್ನು ಕೇಳಿ ತಲೆದೂಗಿದ. ಹೆಂಡತಿ ಲೂರ್ದಮ್ಮ ಮನಸ್ಸಿಗೇ ಹಚ್ಚಿಕೊಂಡಳು.

ಹಬ್ಬದ ಬೆಳಿಗ್ಗೆ ಕುರಿ ಸಾರು ಕುದಿಯುತ್ತಿತ್ತು. "ಒಬ್ಬರನ್ನ ಕರ್ಕೊಂಡು ಬರ್ರಿ. ಅಲ್ಲೀತನಕ ಈ ಮನ್ಯಾಗ ಯಾರೂ ಉಣ್ಣಂಗಿಲ್ಲ" ಎಂದಳು.

ಪಕ್ಕದ ಮನೆಯ ಬುಷ್ರಾ ಗೋಡೆಯಾಚೆಯಿಂದ ಇಣುಕಿದಳು. "ಬರೋರಿಗೆ ಬಿಪಿ ಗಿಪಿ ಇರ್ತೈತೆ ಅಕ್ಕಾ. ಉಪ್ಪೇ ಹಾಕಬ್ಯಾಡ, ಬೇಕಾದೋರು ಆಮೇಲೆ ಹಾಕ್ಕೊಳ್ಳಿ."

ಸ್ಕೂಟರ್ ಒದೆಯುತ್ತಿದ್ದ ಇನ್ನಾಸಪ್ಪನಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೆ ಜಗಳವೇ ಆಗುತ್ತಿತ್ತು. ಯಾರ ಮದುವೆಯಲ್ಲಿ ಕೂತರೂ ಮೊದಲ ತುತ್ತಿಗೇ "ಉಪ್ಪು ಮುಂದೈತೆ" ಇಲ್ಲವೇ "ಹಿಂದೈತೆ" ಎಂದು ಪಂಕ್ತಿಗೆಲ್ಲ ಕೇಳುವಂತೆ ತೀರ್ಪು ಕೊಡುವವನು ಅವನು. ಜನ ಉಪ್ಪಿನ ಇನ್ನಾಸಪ್ಪ ಎಂದು ಹೆಸರಿಟ್ಟು, ಊಟಕ್ಕೆ ಕರೆಯುವುದನ್ನೇ ಕಡಿಮೆ ಮಾಡಿದ್ದರು.

ಬಸ್ ನಿಲ್ದಾಣದ ಮುದುಕ ಹೊಟ್ಟೆ ಸವರಿಕೊಂಡ. "ಬೆಳಿಗ್ಗಿಂದ ಮೂರು ಮನಿ ಆತು ಯಪ್ಪಾ. ಸಂಜಿಗೆ ನೋಡಣ." ಮಾರ್ಕೆಟ್ ಮೂಲೆಯ ಕುಡುಕ ಬಿದ್ದಲ್ಲಿಂದಲೇ ವಿಚಾರಿಸಿದ. "ಏನಡಿಗೆ? ಸಾರಾ? ಪಿ.ಜೆ. ಬಡಾವಣೆಯೋರು ಬಿರಿಯಾನಿ ಅಂದಾರೆ, ಆಟೋನೂ ಕಳಿಸ್ತಾರಂತೆ." ಇಡೀ ದಾವಣಗೆರೆಯ ದಿಕ್ಕಿಲ್ಲದವರೆಲ್ಲ ಮದುವೆ ಸೀಸನ್ನಿನ ಛತ್ರಗಳಂತೆ ಬುಕ್ ಆಗಿಹೋಗಿದ್ದರು.

ಇನ್ನಾಸಪ್ಪ ಸ್ಕೂಟರನ್ನು ಹರಿಹರಕ್ಕೆ ತಿರುಗಿಸಿದ. ಹೊಳೆದಂಡೆಯಲ್ಲಿ ಹರಿದ ಶಾಲು ಹೊದ್ದ ಮುದುಕನೊಬ್ಬ ಮಂಡಿಗೆ ಗದ್ದ ಊರಿ ಕೂತಿದ್ದ.

"ಅಜ್ಜಾರೆ, ನಿಮ್ಮನ್ನ ಯಾರಾದ್ರೂ ಊಟಕ್ಕೆ ಕರೆದಾರೇನ್ರಿ?"

"ನನ್ನ ಯಾರು ಕರೀತಾರೆ. ಮೈಲಾರಲಿಂಗಪ್ಪ ಅಂತ, ಮದುವಿ ಅಡಿಗಿ ಮಾಡ್ತಿದ್ದೆ. ಒಂದಿನ ಯಾವನೋ ಪಂಕ್ತಿ ನಡುವೆ ಎದ್ದು ಸಾರಿನಾಗ ಉಪ್ಪೇ ಇಲ್ಲ ಅಂದ. ಅವತ್ತಿಂದ ನನ್ನ ಒಲಿ ಮುಂದೆ ನಿಲ್ಲಿಸಿಕೊಂಡೋರಿಲ್ಲ."

ಇನ್ನಾಸಪ್ಪ ಮುಖ ಅರ್ಧ ತಿರುಗಿಸಿಕೊಂಡ. "ಅವನ ಮುಖ ನೆನಪೈತೇನ್ರಿ?"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಈಗ ಬಂತು ನೋಡು."

ಇನ್ನಾಸಪ್ಪ ಕೈ ಮುಗಿದ, ತಪ್ಪಾಯಿತೆಂದ, ಮನೆಯಲ್ಲಿ ಮಕ್ಕಳು ಹಸಿದಿದ್ದಾರೆಂದ. ಮುದುಕ ಕೊನೆಗೆ ಶಾಲು ಕೊಡವಿ ಎದ್ದ. "ಮಕ್ಕಳ ಮುಖ ನೋಡಿ ಬರ್ತೀನಿ. ಆದ್ರೆ ಮೊದಲು ನೀನು ರುಚಿ ನೋಡಬೇಕು. ಉಪ್ಪಿನ ತಕರಾರು ತೆಗೆದ್ಯೋ, ಎಲಿ ಬಿಟ್ಟು ಎದ್ದೆ."

ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಬಾಗಿಲಲ್ಲಿ ಬುಷ್ರಾ, ಎದುರುಮನೆಯ ವಾಮದೇವಪ್ಪ, ಇಬ್ಬರೂ ಸಿನಿಮಾಕ್ಕೆ ಬಂದವರಂತೆ ನಿಂತಿದ್ದರು. ಎಲೆ ಬಿತ್ತು. ಇನ್ನಾಸಪ್ಪ ತುತ್ತು ಬಾಯಿಗಿಟ್ಟ. ಹೊಳೆ ನೀರು ಕಾಯಿಸಿದ ಹಾಗಿತ್ತು. ನಾಲಿಗೆ ಹಗ್ಗ ಕಿತ್ತ ಕರುವಿನಂತೆ ನೆಗೆಯಿತು. ಮಕ್ಕಳ ಕಣ್ಣೆಲ್ಲ ಅವನ ಬಾಯಿಯ ಮೇಲೇ ಇದ್ದವು.

"ಹದವಾಗೈತೆ" ಎಂದ.

"ಉಪ್ಪು?" ಮುದುಕ ಕೇಳಿದ.

"ಅದೂ ಸರಿ ಐತ್ರಿ."

ಮುದುಕ ಒಂದು ತುತ್ತು ತಿಂದ. ನಿಧಾನಕ್ಕೆ ಲೂರ್ದಮ್ಮನ ಕಡೆ ತಿರುಗಿದ. "ತಾಯಿ, ಇದಕ್ಕೆ ಉಪ್ಪು ಹಾಕಿಲ್ಲ ಅಲ್ಲೇನು?"

"ಹಾಕೇ ಇಲ್ರಿ ಅಜ್ಜಾರೆ. ನಿಮಗೆ ಬಿಪಿ ಇದ್ರೆ ಅಂತ."

"ಕೇಳಿದ್ರೇನಪಾ" ಎಂದ ಮುದುಕ ಬಾಗಿಲ ಕಡೆ ನೋಡಿ. "ಉಪ್ಪಿಲ್ಲದ್ದನ್ನ ಸರಿ ಐತೆ ಅಂತಾನೆ. ಅವತ್ತು ನನ್ನ ಸಾರಿಗೆ ಇಲ್ಲ ಅಂದಿದ್ದೂ ಇದೇ ನಾಲಿಗಿ."

ಇನ್ನಾಸಪ್ಪ ಬಾಯಿ ತೆರೆದ. ಮಕ್ಕಳ ಕಡೆ ನೋಡಿ ಅದಕ್ಕೆ ಇನ್ನೊಂದು ತುತ್ತು ತುರುಕಿದ.

"ಅಲೆಲೆ, ಇವನ ಮಾತು ಕೇಳಿ ಎಷ್ಟು ಅಡಿಗೆಯೋರನ್ನ ಬೈದ್ವಲ್ಲಪ್ಪ" ಎಂದು ವಾಮದೇವಪ್ಪ ಹಣೆ ಚಚ್ಚಿಕೊಂಡ. "ಅಜ್ಜಾರೆ, ಬರೋ ತಿಂಗಳು ನಮ್ಮ ಮಗಳ ಮದುವಿ. ನೀವೇ ಬಂದು ಒಲಿ ಹಚ್ಚಬೇಕು."

"ಹಚ್ಚಣ. ಊಟಕ್ಕೆ ಇವನನ್ನೂ ಕರೀರಿ, ಪಾಪ. ಇನ್ನು ಏನಂದ್ರೂ ಯಾರೂ ನಂಬಲ್ಲ."

ಲೂರ್ದಮ್ಮ ಉಪ್ಪಿನ ಡಬ್ಬಿ ತಂದು ಮುದುಕನ ಎಲೆಗೆ, ಮಕ್ಕಳ ಎಲೆಗೆ ಚಿಟಿಕೆ ಚಿಟಿಕೆ ಇಟ್ಟಳು. ಇನ್ನಾಸಪ್ಪ ಕೈ ಚಾಚಿದ. ಅವಳು ಅವನ ಎಲೆ ದಾಟಿ ಹೋದಳು.

"ನಿಮಗೆ ಸರಿ ಐತಲ್ರಿ."